ಕುದುರೆಗೆ ಗೊಟ್ಟ ಹಾಕಬೇಡಿ

ಪ್ರಶ್ನೆ (ಇಂಡಿ): ವಿಶೇಷ ಮಕ್ಕಳ ಥೆರಪಿಗೆ ಸಾಕಿದ ನಮ್ಮ ಕುದುರಿ 500 ಕೆ.ಜಿ. ಐತ್ರಿ, ಭಾಳ ಸಾಧು. ನಿನ್ನೆಯಿಂದ ಕಣಕಿ (ಜೋಳದ ಒಣ ದಂಟು) ಮುಟ್ಟವಲ್ದು, ಲದ್ದಿ ಹಾಕಿಲ್ಲ, ಸುಮ್ನ ನಿಂತೈತಿ. ಹೊರಳಾಡಿಲ್ಲ. ಎಣ್ಣಿ ಗೊಟ್ಟಾ ಹಾಕಬಹುದೇನ್ರಿ?

ಉತ್ತರ: ಗೊಟ್ಟ, ಅಂದರೆ ಬಿದಿರಿನ ನಳಿಗೆಯಿಂದ ಬಾಯಿಗೆ ಸುರಿಯುವುದು, ಹಾಕಬೇಡಿ. ಬೇಸಿಗೆ ಬಂದರೆ ಇದೇ ಪ್ರಶ್ನೆ, ಅದೂ ಒಂದು ದಿನ ಕಳೆದ ಮೇಲೆ. ಲದ್ದಿ ನಿಂತ ಕುದುರೆಗೆ ಬೇಕಾದದ್ದು ಅಂಕಣದ ಉತ್ತರವಲ್ಲ, ಅಂದೇ ಪಶುವೈದ್ಯರು.

ಎತ್ತಿಗೆ ನಡೆದದ್ದು ಕುದುರೆಗೆ ನಡೆಯದು. ಕುದುರೆಗೆ ವಾಂತಿ ಬಾರದು. ಜಠರ ಹಿಡಿಯುವುದು ಸುಮಾರು 8ರಿಂದ 15 ಲೀಟರ್. ಕೆಳಗೆ ಕರುಳು ಕಟ್ಟಿರುವಾಗ ಮೇಲಿಂದ ತುಂಬಿದರೆ ಜಠರವೇ ಒಡೆಯಬಹುದು. ತಲೆ ಎತ್ತಿ ಹಿಡಿದು ಸುರಿದ ಎಣ್ಣೆ ಶ್ವಾಸನಾಳಕ್ಕೂ ಇಳಿಯುತ್ತದೆ. ನೀರಾದರೆ ಕೆಮ್ಮಿಯಾದರೂ ಹೊರಹಾಕೀತು. ಪ್ಯಾರಾಫಿನ್ ಎಣ್ಣೆಗೆ ಕೆಮ್ಮೂ ಸರಿಯಾಗಿ ಬರುವುದಿಲ್ಲ, ನ್ಯುಮೋನಿಯಾ ಆದಾಗಲೇ ಗೊತ್ತಾಗುವುದು. ವೈದ್ಯರು ಮೂಗಿನಿಂದ ನಳಿಗೆ ಇಳಿಸಿ, ಜಠರದಲ್ಲಿ ನಿಂತದ್ದನ್ನು ಮೊದಲು ತೆಗೆದು ನೋಡಿ, ಆಮೇಲೆ ಬೇಕಿದ್ದರೆ ಎಣ್ಣೆ ಬಿಡುತ್ತಾರೆ. ಗೊಟ್ಟ ಹಿಡಿದು ಬರುವ ನಾಟಿ ವೈದ್ಯರನ್ನು ಬಾಗಿಲಿನಿಂದಲೇ ಕಳಿಸಿ.

‘ಸಾಧು’ ಎನ್ನುವುದೇ ಇಲ್ಲಿ ಅಪಾಯ. ಮಕ್ಕಳು ಜೂಲು ಜಗ್ಗಿದರೂ ಅಲುಗದಂತೆ ಪಳಗಿದ ಕುದುರೆ ಹೊಟ್ಟೆನೋವನ್ನೂ ಹಾಗೆಯೇ ನುಂಗಿ ನಿಲ್ಲುತ್ತದೆ. ಹೊರಳಾಟಕ್ಕೆ ಕಾಯಬೇಡಿ. ಮೇಲ್ದುಟಿ ಸುರುಳಿಸುವುದು, ಪಕ್ಕೆಯ ಕಡೆ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು ಸಾಕು. ದವಡೆ ಎಲುಬಿನ ಕೆಳಅಂಚಿನಲ್ಲಿ ಬೆರಳಾಡಿಸಿದರೆ ಸಣ್ಣ ಹುರಿಯಂಥ ನಾಳ ಉರುಳುತ್ತದೆ. ಅಲ್ಲಿ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಆರಾಮವಿದ್ದಾಗ 28ರಿಂದ 44. ಸುಮ್ಮನೆ ನಿಂತಾಗಲೂ 60 ದಾಟಿದರೆ ಜೀವಕ್ಕೇ ಅಪಾಯ. ಒಸಡು ಒತ್ತಿ ಬಿಡಿ: ಬಣ್ಣ 2 ಸೆಕೆಂಡಿನಲ್ಲಿ ಮರಳಬೇಕು. ಈ ಅಂಕಿಗಳನ್ನು ಬರೆದಿಟ್ಟುಕೊಂಡು ವೈದ್ಯರಿಗೆ ಫೋನಿನಲ್ಲೇ ಹೇಳಿ.

ಅವರು ಬರುವವರೆಗೆ ಮೇವು, ಕಾಳು ತೆಗೆಯಿರಿ. ಹೊರಳಲು ನೋಡಿದರೆ ಹತ್ತು ನಿಮಿಷ ನಿಧಾನ ನಡೆಸಿ. ತಾಸುಗಟ್ಟಲೆ ನಡೆಸಿ ದಣಿಸಬೇಡಿ. ನೋವಿನ ಇಂಜೆಕ್ಷನ್ ನೀವೇ ಚುಚ್ಚಬೇಡಿ, ನೋವು ಅಡಗಿದರೆ ರೋಗದ ಗುರುತೂ ಅಡಗುತ್ತದೆ. ವೈದ್ಯರು ಒಪ್ಪುವವರೆಗೆ ಮಗುವನ್ನು ಕೂರಿಸಲೇಬೇಡಿ. ನೋವು ತಾಳದ ಕುದುರೆ ಮಗುವಿನ ಸಮೇತ ಮಲಗಿಬಿಡಬಹುದು.

ನಮ್ಮ ಕಡೆ ಕಾರಣ ಬಹುಮಟ್ಟಿಗೆ ಒಂದೇ: ದಪ್ಪ ದಂಟಿನ ಒಣ ಕಣಕಿ, ಬಿಸಿಲಿಗೆ ಕಾದ ನೀರು. ಕಾದ ನೀರನ್ನು ಕುದುರೆ ಮೂಸಿ ಬಿಡುತ್ತದೆ, ಒಣಮೇವು ಕರುಳಲ್ಲಿ ಗಟ್ಟಿಯಾಗುತ್ತದೆ. ತೊಟ್ಟಿ ನೆರಳಿಗೆ ತನ್ನಿ. ಏಪ್ರಿಲ್‌–ಮೇನಲ್ಲಿ ದಿನಕ್ಕೆ 40–50 ಲೀಟರ್ ಕುಡಿಯಬೇಕು. ಉಪ್ಪು 30 ಗ್ರಾಂ. ಕಣಕಿ ಸಣ್ಣಗೆ ಕತ್ತರಿಸಿ, ಜೊತೆಗೆ ಸ್ವಲ್ಪ ಕುದುರೆ ಮೆಂತೆ (ಲೂಸರ್ನ್ ಮೇವು) ಕೊಡಿ. ಎಳೆ ಹಸಿ ಜೋಳ ಬೇಡವೇ ಬೇಡ: ದಿನವೂ ಮೇಯಿಸಿದರೆ ಮೂತ್ರಕೋಶ ಉರಿದು ಹಿಂಗಾಲು ಸೋಲುತ್ತವೆ.

ಪ್ರಶ್ನೆ (ಗೋಕಾಕ): ಕುದುರೆ ಹೊಟ್ಟೆಯ ಕೆಳಗೆ ಮಗುವನ್ನು ನುಸುಳಿಸಿದರೆ ಬೆದರಿಕೆ ಹೋಗುವುದೆ?

ಉತ್ತರ: ಇಲ್ಲ. ಒದೆ ಬೀಳುತ್ತದೆ. ಗುಣ ಇರುವುದು ನಡಿಗೆಯಲ್ಲಿ: ಬೆನ್ನ ಮೇಲೆ ಕೂತ ಮಗುವಿನ ಸೊಂಟ ತಾನೇ ನಡೆದಂತೆ ಆಡುತ್ತದೆ. ಅದೂ ಫಿಸಿಯೋಥೆರಪಿಸ್ಟ್ ಕಣ್ಣೆದುರಿಗೆ. ಒಬ್ಬರು ಹಗ್ಗ ಹಿಡಿದು, ಇಬ್ಬರು ಅಕ್ಕಪಕ್ಕ ನಡೆಯುತ್ತ.

ಪ್ರಶ್ನೆ (ಮುಧೋಳ): ಎಷ್ಟು ಭಾರ ಹೇರಬಹುದು?

ಉತ್ತರ: ಜೀನು ಸೇರಿ ಕುದುರೆಯ ತೂಕದ 20% ಮೀರಬಾರದು.

ಪ್ರಶ್ನೆ (ಜಮಖಂಡಿ): ಮಿಕ್ಕ ಕೋಳಿ ಆಹಾರ ಹಾಕಬಹುದೆ?

ಉತ್ತರ: ಬೇಡ. ಅದರಲ್ಲಿ ಕೋಳಿರೋಗ ತಡೆಯಲು ಬೆರೆಸುವ ಮೊನೆನ್ಸಿನ್ ಔಷಧ ಇದ್ದರೆ ಕುದುರೆಯ ಹೃದಯದ ಸ್ನಾಯುವೇ ಕೆಡುತ್ತದೆ, ಅದಕ್ಕೆ ಮದ್ದಿಲ್ಲ. ಆ ಚೀಲವನ್ನು ಲಾಯದಲ್ಲಿ ಇಡಲೂ ಬೇಡಿ.