31 ನಂಬರ್ ನೋಡಿ ಮೋಸ ಹೋಗ್ಬೇಡಿ, ಬರಾಸಿ ಇಬ್ರಿದಾರೆ

ಅಯ್ಯೋ ಗುರುಗಳೇ, ಫೋಟೋ ಕೆಳಗೆ "ಆರು ಪ್ರೀಮಿಯರ್‌ಶಿಪ್ ಗೆದ್ದು ಯುದ್ಧಕ್ಕೆ ಹೋಗಿ ಟೊಬ್ರೂಕ್‌ನಲ್ಲಿ ತೀರ್ಕೊಂಡ ಬರಾಸಿ" ಅಂತ ಬರ್ದಿದೀರಲ್ಲ, ಅದು ಒಬ್ಬರಲ್ಲ, ಇಬ್ರು. ಅಪ್ಪನೂ ರಾನ್ ಬರಾಸಿ, ಮಗನೂ ರಾನ್ ಬರಾಸಿ, ಇಬ್ರೂ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಿದೋರು, ಇಬ್ರೂ ಮೆಲ್ಬರ್ನ್ ಕ್ಲಬ್ಬು, ಇಬ್ರ ಬೆನ್ನ ಮೇಲೂ 31. ಎರಡನೇ ಮಹಾಯುದ್ಧದಲ್ಲಿ ಲಿಬಿಯಾದ ಟೊಬ್ರೂಕ್‌ನಲ್ಲಿ ತೀರ್ಕೊಂಡಿದ್ದು ಅಪ್ಪ.

ನಾನೂ ಇದೇ ಹಳ್ಳಕ್ಕೆ ಬಿದ್ದೋನೇ. ಮಾರೋನು "ಯುದ್ಧದಲ್ಲಿ ಸತ್ತ ಆಟಗಾರನ ಕಾರ್ಡ್" ಅಂದ, ನಾನು 31 ನೋಡಿದ್ದೇ ತಡ ದುಡ್ಡು ಕೊಟ್ಬಿಟ್ಟೆ. ಮನೆಗೆ ಬಂದು ತಿರುಗಿಸಿದ್ರೆ ಸ್ಕ್ಯಾನ್ಲೆನ್ಸ್ ಕಂಪನಿದು! ಬಬಲ್‌ಗಮ್ ಜೊತೆ ಬರ್ತಿದ್ದ 60ರ ದಶಕದ ಕಾರ್ಡು. ಅಪ್ಪ ಸತ್ತಿದ್ದು 1941ರ ಜುಲೈ 31ಕ್ಕೆ. ಇಷ್ಟೂ ನೋಡ್ದೆ ಆಲ್ಬಮ್ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಹೆಸರು ಬೇರೆ ಬರ್ದಿದ್ದೆ, ಇವತ್ತಿಗೂ ಹೋಗಿಲ್ಲ.

ಅದಕ್ಕೇ ಈಗ ನಂದು ಒಂದೇ ರೂಲು, ನಂಬರ್ ಆಮೇಲೆ, ವರ್ಷ ಮೊದಲು. ಅಪ್ಪ ಆಡಿದ್ದು 1936ರಿಂದ 1940, 58 ಮ್ಯಾಚು, ರೋವರ್ (ಚೆಂಡಿನ ಹಿಂದೆ ಓಡಾಡೋ ಆಟಗಾರ). ಗೆದ್ದಿದ್ದು ಒಂದೇ ಪ್ರೀಮಿಯರ್‌ಶಿಪ್ (ಲೀಗ್ ಕಪ್), 1940ರದ್ದು, ಅದೂ 19ನೇ ಆಟಗಾರನಾಗಿ, ಅಂದ್ರೆ ಬದಲಿ ಆಟಗಾರನಾಗಿ. ಫೈನಲ್‌ನಲ್ಲಿ ರಿಚ್ಮಂಡ್ ಮೇಲೆ 15.17 (107), ಅವರದ್ದು 10.8 (68). ಚುಕ್ಕಿಗೆ ಮೊದಲು ಗೋಲು, ತಲಾ 6 ಪಾಯಿಂಟು, ಆಮೇಲಿಂದು ಬಿಹೈಂಡು, ತಲಾ 1, ಬ್ರಾಕೆಟ್‌ನಲ್ಲಿ ಒಟ್ಟು. ಅದನ್ನ ದಶಾಂಶ ಅಂತ ಓದಿ ಎಕ್ಸೆಲ್‌ಗೆ ಹಾಕ್ಬೇಡಿ ಮಾರಾಯ್ರೇ, ಹೋದ ತಿಂಗಳು ಇಲ್ಲೇ ಒಬ್ರು ಹಾಗೆ ಮಾಡಿದ್ರು. ಅಪ್ಪ ಹೋದಾಗ ಮಗನಿಗೆ 5 ವರ್ಷ. ಆ ಫೈನಲ್‌ನಲ್ಲಿ ಜೊತೆಗೆ ಆಡಿದ್ದ ನಾರ್ಮ್ ಸ್ಮಿತ್ ಮುಂದೆ ಕೋಚ್ ಆಗಿ ಆ ಹುಡುಗನ್ನ ತನ್ನ ಮನೆಯಲ್ಲೇ ಇಟ್ಕೊಂಡ. ನೀವು ಹೇಳೋ ಆರು ಕಪ್ ಆ ಹುಡುಗಂದು, 1955ರಿಂದ 64ರೊಳಗೆ.

ಹಾಗಂತ ವರ್ಷಾನೂ ಪೂರ್ತಿ ನಂಬೋ ಹಾಗಿಲ್ಲ. ಸೇನೆ ಸೇರಿದ ದಿನವೇ ಆಟ ಮುಗೀತು ಅಂತ ಬರೆಯೋದು ಇನ್ನೊಂದು ದೊಡ್ಡ ತಪ್ಪು. ಅದೇ ಟೀಮಿನ ಬ್ಲೂಯಿ ಟ್ರಸ್ಕಾಟ್ (ಕೆಂಪು ಕೂದಲಿನವನಿಗೆ 'ನೀಲಿ' ಅಂತ ಹೆಸರಿಡೋದು ಅವರ ತಮಾಷೆ) 1940ರ ಜುಲೈನಲ್ಲಿ ವಾಯುಪಡೆ ಸೇರಿ, ರಜೆ ಹಾಕ್ಕೊಂಡು ಬಂದು ಆ ಫೈನಲ್ ಆಡಿದ. ಇಂಗ್ಲೆಂಡಲ್ಲಿ ಸ್ಪಿಟ್‌ಫೈರ್ ಹಾರಿಸಿ ಬಂದು 1942ರಲ್ಲಿ ಇನ್ನೊಂದು ಮ್ಯಾಚು. ಒಟ್ಟು 50. 1943ರ ಮಾರ್ಚಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿ ಹತ್ರ ಅಭ್ಯಾಸ ಮಾಡ್ತಾ ವಿಮಾನ ಸಮುದ್ರಕ್ಕೆ ಬಿತ್ತು, ತೀರ್ಕೊಂಡ.

ಮ್ಯಾಚ್ ಲೆಕ್ಕಕ್ಕೆ ಟ್ರೋವ್ (ಆಸ್ಟ್ರೇಲಿಯಾದ ನ್ಯಾಷನಲ್ ಲೈಬ್ರರಿ ವೆಬ್‌ಸೈಟ್) ನೋಡಿ, ಹಳೇ ಪೇಪರ್ ಫ್ರೀಯಾಗಿ ಸಿಗುತ್ತೆ, ದಿ ಆರ್ಗಸ್ ನನಗಿಷ್ಟ. ಸ್ಕ್ಯಾನ್ ಅಕ್ಷರ ತಪ್ಪಿರುತ್ತೆ, ಬರಾಸಿಗೆ ಒಂದು ಆರ್ ಜಾಸ್ತಿ ಹಾಕೂ ಹುಡುಕಿ. ಸೇನೆ ದಾಖಲೆಗೆ ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್, ವಿಕ್ಟೋರಿಯಾ ರಾಜ್ಯದಲ್ಲಿ ಸೇರಿದೋರ ಸೇನೆ ನಂಬರ್ ವಿಎಕ್ಸ್ ಅಂತ ಶುರುವಾಗುತ್ತೆ, ಆದ್ರೆ ವಾಯುಪಡೆಯೋರಿಗೆ ಇದು ನಡೆಯಲ್ಲ.

ಆ ಫೋಟೋನ ಪಿವಿಸಿ ಕವರ್‌ನಿಂದ ಮೊದಲು ಹೊರಗೆ ತೆಗೀರಿ, ಅಂಟ್ಕೊಳ್ಳುತ್ತೆ. ಹಿಂದೆ ಏನಾದ್ರೂ ಬರ್ದಿದ್ರೆ ಅದರ ಫೋಟೋನೂ ಹಾಕಿ. ನೀವು ಬರೆಯೋದಿದ್ರೆ ಪೆನ್ಸಿಲ್ಲಲ್ಲಿ ಬರೀರಿ.