ಅನ್ನಾ ಮಣಿಯವರ ಕುರಿತ ಲೇಖನ: ಬರೆದವರಿಗೊಂದು ಪತ್ರ

ಮಾನ್ಯರೆ,

ಹವಾಮಾನ ವಿಜ್ಞಾನಿ ಅನ್ನಾ ಮಣಿಯವರನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಕೈಬಿಡಲು ಮನಸ್ಸಿಲ್ಲದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡವೆಂದು ಅವರು ವಿಶ್ವಕೋಶ ಕೇಳಿದ ಪ್ರಸಂಗಕ್ಕೆ ನೀವು ಒಂದಿಡೀ ಪುಟ ಕೊಟ್ಟಿದ್ದೀರಿ. ಅವರ ಬಗ್ಗೆ ಬರೆಯುವವರೆಲ್ಲ ಹೇಳುವ ಕಥೆ ಅದು, ಎರಡು ಸಾಲು ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಅವರು ವಜ್ರಗಳ ಮೇಲೆಯೇ ಸಂಶೋಧನೆ ನಡೆಸಿದ್ದನ್ನು ಮಾತ್ರ ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ವಜ್ರದಿಂದ ಹೊಮ್ಮುವ ಕ್ಷೀಣ ಬೆಳಕಿನ ರೋಹಿತವನ್ನು (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯನ್ನು) ಛಾಯಾಫಲಕದ ಮೇಲೆ ಹಿಡಿಯಲು 15ರಿಂದ 20 ಗಂಟೆ ಹಿಡಿಯುತ್ತಿತ್ತು, ಅದಕ್ಕಾಗಿ ಅವರು ರಾತ್ರಿಗಳನ್ನು ಪ್ರಯೋಗಾಲಯದಲ್ಲೇ ಕಳೆದರು. ಐದು ಪ್ರಬಂಧಗಳು ಪ್ರಕಟವಾದ ಮೇಲೂ, ಎಂ.ಎಸ್ಸಿ. ಪದವಿಯಿಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ನಿರಾಕರಿಸಿತು. ಅದು ಅನ್ಯಾಯವೇ ಸರಿ. ಆದರೆ ಇಲ್ಲಿ ನೀವು ಬಳಸಿರುವ ‘ದುರಂತ ನಾಯಕಿ’ ಎಂಬ ಮಾತನ್ನು ದಯವಿಟ್ಟು ತೆಗೆಯಿರಿ. 1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಮರಳಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿ, ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಅವು ದೇಶದಲ್ಲೇ ತಯಾರಾಗುವಂತೆ ಮಾಡಿದವರಿಗೆ ಆ ಮಾತು ಸಲ್ಲದು.

ಲೇಖನದ ದೊಡ್ಡ ಕೊರತೆಯೆಂದರೆ, ಅವರ ಬದುಕನ್ನೇ ತುಂಬಿದ್ದ ಉಪಕರಣಗಳು ಎಲ್ಲಿಯೂ ಕಣ್ಣಿಗೆ ಕಾಣುವುದಿಲ್ಲ. ‘ಓಝೋನ್ ಅಳೆಯುವ ಸಾಧನ ರೂಪಿಸಿದರು’ ಎಂದಷ್ಟೇ ಬರೆದರೆ ಓದುಗರಿಗೆ ಏನೂ ದಕ್ಕದು. ಬಲೂನಿನೊಂದಿಗೆ ಮೇಲೇರುವ ಆ ಪುಟ್ಟ ಪೆಟ್ಟಿಗೆಯನ್ನು, ಗಾಳಿಯನ್ನು ಪೊಟ್ಯಾಸಿಯಂ ಅಯೊಡೈಡ್ ದ್ರಾವಣಕ್ಕೆ ಹಾಯಿಸುವ ಪಂಪನ್ನು, ಓಝೋನ್ ತಗುಲಿದೊಡನೆ ಬಿಡುಗಡೆಯಾಗುವ ಅಯೊಡಿನ್ನನ್ನು, ಅದರಿಂದ ಹುಟ್ಟಿ ಓಝೋನಿನ ಪ್ರಮಾಣವನ್ನು ತಿಳಿಸುವ ಅತ್ಯಲ್ಪ ವಿದ್ಯುತ್ತನ್ನು ತೋರಿಸಿ. ಪಂಪಿನ ವೇಗ ಕೊಂಚ ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡುತ್ತದೆಂದು ತಿಳಿದ ಓದುಗರಿಗೆ, ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲೆಂಬ ಅವರ ಹಟ ತಾನಾಗಿ ಅರ್ಥವಾಗುತ್ತದೆ. ‘ಅಪ್ರತಿಮ’, ‘ಮಹಾನ್’ ಎಂಬ ವಿಶೇಷಣಗಳ ಅಗತ್ಯವೇ ಬೀಳದು.

ಹಲವು ದೇಶಗಳು ಒಟ್ಟಾಗಿ ಭೂಮಿಯನ್ನು ಅಧ್ಯಯನ ಮಾಡಿದ 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅವರು ಕಟ್ಟಿದ ಸೌರ ವಿಕಿರಣ ಮಾಪನ ಕೇಂದ್ರಗಳ ಜಾಲವನ್ನೂ, ಆ ಅಂಕಿಅಂಶಗಳ ಬಲದಿಂದ 1980ರಲ್ಲಿ ಹೊರಬಂದ ಸೌರ ವಿಕಿರಣದ ಕೈಪಿಡಿಯನ್ನೂ ಒಟ್ಟಿಗೆ ಹೇಳಿದರೆ ಕೆಲಸದ ಎಳೆ ಸಿಗುತ್ತದೆ. ನಿಮ್ಮ ಲೇಖನ 1976ರ ನಿವೃತ್ತಿಗೇ ನಿಂತುಬಿಡುತ್ತದೆ. ಆಮೇಲೆ ಅವರು ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದರು. ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಸಾಧನಗಳನ್ನು ತಯಾರಿಸುವ ಕಾರ್ಯಾಗಾರವನ್ನೂ ಈ ಊರಿನಲ್ಲೇ ನಡೆಸಿದರು. ಕನ್ನಡದ ಓದುಗರಿಗೆ ಇದು ತಿಳಿಯಬೇಕು. ಈ ಭಾಗವನ್ನು ಸೇರಿಸಿ, ಓಝೋನ್ ಸಾಧನದ ವಿವರಣೆಯನ್ನು ವಿಸ್ತರಿಸಿ ಮತ್ತೆ ಕಳುಹಿಸಿ. ಅದಕ್ಕಾಗಿ ಇನ್ನೆರಡು ಪುಟ ಹೆಚ್ಚಾದರೂ ಜಾಗ ಮಾಡಿಕೊಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ