ಪಿರಾನಾ ಮರಿಗಳ ಬಾಲ ತುಂಡಾಗುವುದು ಯಾಕೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗ ಕುರ್ಲಾದಿಂದ ಆರು ಪಿರಾನಾ ಮರಿ ತಂದಿದ್ದಾನೆ. ಎಲ್ಲವೂ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವು. ಎರಡು ಅಡಿಯ ಟ್ಯಾಂಕಿನಲ್ಲಿ ಬಿಟ್ಟು, ರಾತ್ರಿ ಒಂದು ಸಲ ಅಂಗಡಿಯ ಕಾಳಿನ ಆಹಾರ (ಪೆಲೆಟ್) ಹಾಕುತ್ತೇವೆ. ಹತ್ತೇ ದಿನದಲ್ಲಿ ಎರಡರ ಬಾಲ ಅರ್ಧ ಹೋಗಿದೆ, ಒಂದು ಮರಿ ಇಲ್ಲವೇ ಇಲ್ಲ. ಇವುಗಳ ಗುಣವೇ ಹೀಗಾ?

ಉತ್ತರ: ಗುಣಕ್ಕಿಂತ ಜಾಸ್ತಿ ಇದು ಹಸಿವು ಮತ್ತು ಇಕ್ಕಟ್ಟು. ಸರಿಮಾಡಬಹುದು, ಆದರೆ ತಡ ಮಾಡಬೇಡಿ.

ಬಾಲ ಕಳೆದುಕೊಂಡ ಎರಡನ್ನೂ ಇವತ್ತೇ ಬೇರೆ ಮಾಡಿ. ಬಲೆ ಬೇಡ, ಹಲ್ಲು ಸಿಕ್ಕಿಹಾಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬದಲ್ಲಿ ನೀರಿನ ಸಮೇತ ಎತ್ತಿ. ಕಚ್ಚಿದ ಜಾಗವನ್ನು ಹತ್ತಿರದಿಂದ ನೋಡಿ. ಕತ್ತರಿಯಲ್ಲಿ ಕೊಯ್ದ ಹಾಗೆ ಅರ್ಧಚಂದ್ರಾಕಾರ ಇರುತ್ತದೆ. ಬಾಲದ ಬುಡದ ಮಾಂಸ ಉಳಿದಿದ್ದರೆ, ನೀರು ಶುದ್ಧವಾಗಿದ್ದರೆ, ಕೆಲವು ವಾರದಲ್ಲಿ ಬಾಲ ಮತ್ತೆ ಬೆಳೆಯುತ್ತದೆ. ಬಿಳಿ ಹತ್ತಿಯಂಥದ್ದು ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ, ಅದಕ್ಕೆ ಔಷಧಿ ಬೇಕು.

ಈಗ ಕಾರಣಕ್ಕೆ ಬರೋಣ. ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಪಿರಾನಾ ಮರಿಗಳು ಹುಳ, ಸಣ್ಣ ಸೀಗಡಿ ಜಾತಿಯ ಜೀವಿಗಳ ಜೊತೆಗೆ ಬೇರೆ ಮೀನುಗಳ ರೆಕ್ಕೆ, ಹುರುಪೆಯನ್ನೂ ಕಚ್ಚಿ ತಿನ್ನುತ್ತವೆ. ಅಂದರೆ ಬಾಲ ಅವಕ್ಕೆ ಊಟವೇ. ಹೊಟ್ಟೆ ಖಾಲಿಯಾಗಿ, ಪಕ್ಕದಲ್ಲೇ ಒಂದು ಬಾಲ ಅಲ್ಲಾಡುತ್ತಿದ್ದರೆ ಬಾಯಿ ಹಾಕದೆ ಇರುತ್ತವಾ? ಒಂದು ಮರಿ ಸ್ವಲ್ಪ ಸಣ್ಣದಾಗಿದ್ದರಂತೂ ಮೊದಲ ಸರದಿ ಅದರದ್ದೇ.

ಆದ್ದರಿಂದ ಈ ವಯಸ್ಸಿನಲ್ಲಿ ದಿನಕ್ಕೆ ಮೂರು ಸಲ ಹಾಕಿ, ಸ್ವಲ್ಪ ಸ್ವಲ್ಪ. ಸಿಪ್ಪೆ ತೆಗೆದ ಸೀಗಡಿಯನ್ನು, ನಮ್ಮ ಮಂಗಳೂರಿನವರ ಎಟ್ಟಿಯನ್ನು, ಬಟಾಣಿಗಿಂತ ಸಣ್ಣಗೆ ಕೊಚ್ಚಿ ಹಾಕಿ. ಉಪ್ಪು, ಅರಿಶಿನ ಸೋಕಬಾರದು. ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಕೆಂಪು ಹುಳವೂ ಒಳ್ಳೆಯದು. ನಡುವೆ ಕಾಳಿನ ಆಹಾರ ಇರಲಿ. ಬೂತಾಯಿ, ಬಂಗುಡೆ ಬೇಡ, ಎಣ್ಣೆ ಬಿಟ್ಟು ನೀರು ಕೆಡುತ್ತದೆ. ಮಕ್ಕಳಿಗೆ ಖುಷಿ ಅಂತ ಜೀವಂತ ಗೋಲ್ಡ್ ಫಿಶ್ ಹಾಕುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಅದರ ಜೊತೆ ರೋಗವೂ ಬರುತ್ತದೆ. ಅದನ್ನೇ ತಿನ್ನಿಸುತ್ತಿದ್ದರೆ ಬಿ1 ಜೀವಸತ್ವದ ಕೊರತೆಯೂ ಆಗುತ್ತದೆ. ಹತ್ತು ನಿಮಿಷದ ಮೇಲೆ ಉಳಿದದ್ದನ್ನು ತೆಗೆದುಬಿಡಿ.

ಜಾಸ್ತಿ ಹಾಕಿದರೆ ಜಾಸ್ತಿ ಕೊಳಕು. ಎರಡು ಅಡಿಯ ಟ್ಯಾಂಕಿನಲ್ಲಿ ಹಿಡಿಯುವುದೇ ಐವತ್ತೈದು ಲೀಟರ್ ಆಸುಪಾಸು, ಕೊಳಕಿನಿಂದ ಹುಟ್ಟುವ ವಿಷ, ಅಮೋನಿಯಾ, ಬೇಗ ಏರುತ್ತದೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ಅದರಿಂದಲೇ ಆಗುವ ಇನ್ನೊಂದು ವಿಷ ನೈಟ್ರೈಟ್, ಎರಡೂ ಸೊನ್ನೆ ಇರಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರನ್ನು ಬಕೆಟಿನಲ್ಲಿ ಹಿಡಿದು, ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಬಳಸಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ವರ್ಷಗಳ ಹಿಂದೆ ನಾನು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದು ಆ ಸ್ಪಂಜಿನಲ್ಲೇ. ಮೂರನೇ ದಿನ ನಾಲ್ಕು ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎರಡು ಉಳಿಯಲಿಲ್ಲ. ಅವತ್ತಿಂದ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ.

ಬಿಸಿ 24ರಿಂದ 28 ಡಿಗ್ರಿ ಸಾಕು. ನಮ್ಮ ಕಡೆ ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ. ಬೆಳಕು ಮಂದ ಇರಲಿ. ಹೆಸರಿಗೆ ತಕ್ಕಂತೆ ಅಲ್ಲ ಇವು, ತುಂಬಾ ಪುಕ್ಕಲು ಮೀನು. ಅಡಗಲು ಗಿಡ, ಮರದ ಬೇರು ಇಟ್ಟರೆ ಜಗಳವೂ ಕಡಿಮೆ. ಟ್ಯಾಂಕಿನೊಳಗೆ ಬರಿಗೈ ಹಾಕಬೇಡಿ, ಉದ್ದನೆಯ ಚಿಮಟ ಬಳಸಿ.

ಕೊನೆಯದಾಗಿ ಜಾಗ. ಐದು ಮರಿಗೆ ಈಗಲೇ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಬೇಕು. ಕೆಂಪು ಹೊಟ್ಟೆಯ ಪಿರಾನಾ 25 ಸೆಂಟಿಮೀಟರ್ ದಾಟುತ್ತದೆ. ಆಗ ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಬೇಕು. ಬರೀ ನೀರಿನ ತೂಕವೇ 680 ಕಿಲೋ. ಹಳೆಯ ಕಟ್ಟಡದ ಗ್ಯಾಲರಿಯಲ್ಲಿ ಇಡುವ ಮಾತಲ್ಲ. ಅಷ್ಟು ಜಾಗ ಇಲ್ಲ ಅನಿಸಿದರೆ ಮರಿಗಳನ್ನು ಈಗಲೇ ಅಂಗಡಿಗೆ ವಾಪಸ್ ಕೊಡಿ. ಇಟ್ಟುಕೊಳ್ಳುವುದಾದರೆ ಮೀನುಗಾರಿಕೆ ಇಲಾಖೆಯಲ್ಲಿ ನಿಯಮವನ್ನೂ ಕೇಳಿಕೊಳ್ಳಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಪಿರಾನಾ ಅಂತ ತಂದ ಮೀನು ಒಂದೂವರೆ ಅಡಿ ಆಗಿದೆ. ಸೌತೆಕಾಯಿಯನ್ನೂ ತಿನ್ನುತ್ತದೆ! ಮುಠಾ ನದಿಗೆ ಬಿಡಬಹುದಾ? (ಪುಣೆ)

ಉತ್ತರ: ಖಂಡಿತ ಬೇಡ. ಇದು ಬಹುತೇಕ ಪಾಕು, ನಮ್ಮ ಮೀನು ಮಾರುಕಟ್ಟೆಯ ರೂಪ್‌ಚಂದ್. ಮರಿಯಿದ್ದಾಗ ಹೊಟ್ಟೆ ಕೆಂಪಗಿರುತ್ತದೆ, ಅದಕ್ಕೇ ಪಿರಾನಾ ಅಂತ ಮಾರುತ್ತಾರೆ. ಬಾಯಿ ನೋಡಿ. ಪಿರಾನಾಕ್ಕೆ ತ್ರಿಕೋನದ ಚೂಪು ಹಲ್ಲು, ಕೆಳದವಡೆ ಮುಂದೆ ಚಾಚಿರುತ್ತದೆ. ಪಾಕುವಿನ ಹಲ್ಲು ಚಪ್ಪಟೆ, ಥೇಟ್ ಮನುಷ್ಯರ ದವಡೆ ಹಲ್ಲಿನ ಹಾಗೆ. ಇದೂ ಪರದೇಶದ ಮೀನೇ. 2018ರ ಪ್ರವಾಹದ ನಂತರ ಕೇರಳದ ಹೊಳೆಗಳಲ್ಲಿ ಬಲೆಗೆ ಬಿದ್ದ ಪರದೇಶದ ಮೀನುಗಳಲ್ಲಿ ಇದೂ ಒಂದು. ದೊಡ್ಡ ಕೊಳ ಇರುವ ಮೀನು ಸಾಕಣೆಯವರನ್ನು ವಿಚಾರಿಸಿ. ಅಲ್ಲಿಯವರೆಗೆ ಸೌತೆಕಾಯಿ ಕೊಡುತ್ತಿರಿ, ಅದಕ್ಕೆ ಅದು ಸರಿಯಾದ ಊಟ.